ಕೊಕ್ಕೆ, ಏಡಿ, ಕಮಾನು

ಜನವರಿ 6

ಅಕ್ಕಾ,

ಈ ಕಾಗದದ ಜೊತೆ ಒಂದು ಪುಟ್ಟ ಡಬ್ಬಿಯೂ ಬಂದಿರುತ್ತೆ. ಕಿವಿಗೆ ಹಾಕೋದೇ, ಆದರೆ ಒಡವೆ ಅಲ್ಲ. ಆಸೆ ಪಡಬೇಡ.

ಆರು ವರ್ಷದಲ್ಲಿ ನನ್ನ ಕೆಲಸ ಏನು ಅಂತ ನೀನು ಒಂದು ಸಲವೂ ಕೇಳಲಿಲ್ಲ. ನಾನೇ ಹೇಳಿಬಿಡ್ತೀನಿ. ನಾನಿರೋದು ಇಯರ್‌ಬಡ್ ಮಾಡುವ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ. ಗೋಡೆ ತುಂಬ ರಬ್ಬರ್ ಕಿವಿಗಳು, ಅರವತ್ತು ಜೊತೆ. ದೊಡ್ಡವು, ಮುರುಟಿದವು, ಹಾಲೆ ಜೋತವು. ಬೆಳಿಗ್ಗೆ ಬಾಗಿಲು ತೆಗೆದರೆ ಅರವತ್ತು ಜನ ನನ್ನ ಮಾತಿಗೇ ಕಾದು ಕೂತ ಹಾಗಿರುತ್ತೆ. ಮನೆಯವರು ಕೇಳದಿದ್ದರೂ ಇವರಾದರೂ ಕೇಳ್ತಾರೆ ಅಂತ ದಿನಾ ನಮಸ್ಕಾರ ಹೇಳಿ ಕೂರ್ತೀನಿ.

ಬೇರೆ ಇಯರ್‌ಬಡ್‌ಗಳು ಬಿರಡೆ ಹಾಗೆ ಕಿವಿಯ ತೂತಿನೊಳಗೆ ಹೋಗಿ ಕೂರುತ್ತವೆ. ಇವು ಹಾಗಲ್ಲ. ಹೊರಗೇ ಕೂತು ಹಾಡುತ್ತವೆ, ತೂತು ತೆರೆದೇ ಇರುತ್ತೆ. ಹಾಡೂ ಕೇಳುತ್ತೆ, ಹಿಂದಿನಿಂದ ಯಾರಾದರೂ ಕೂಗಿದರೂ ಕೇಳುತ್ತೆ. ಲಾಂಡ್ರಿಯಲ್ಲಿ ನಿನಗೆ ಬಟ್ಟೆ ಒಗೆಯೋ ಡ್ರಮ್ಮಿನ ಗಂಟೆಯೂ ಕೇಳಬೇಕಲ್ಲ, ಅದಕ್ಕೇ ನೆನಪಾಯಿತು. ಎರಡು ಥರ ಕಳಿಸಿದ್ದೀನಿ. ಒಂದು ಕಿವಿಯ ಮೇಲಿಂದ ಬಳಸಿ ಹಿಂದಕ್ಕೆ ಹೋಗುವಂಥದ್ದು. ಇನ್ನೊಂದು ಕಿವಿಯ ಅಂಚನ್ನು ಕಚ್ಚಿ ಹಿಡಿಯುವಂಥದ್ದು.

ಕೋಣೆಯಲ್ಲಿ ನಾವು ಎಷ್ಟು ಎತ್ತಿ ಹಾಕಿದರೂ, ಉಪ್ಪುನೀರಿನಲ್ಲಿ ನೆನೆಸಿದರೂ ಅದು ಪರೀಕ್ಷೆಯೇ. ದುಡಿಯೋ ಮನುಷ್ಯರ ಕಿವಿ ಬೇರೆ. ಅದಕ್ಕೇ ಇಲ್ಲಿ ಪ್ರತಿಯೊಬ್ಬರಿಗೂ ಮನೆಯವರಿಗೆ ಎರಡು ಜೊತೆ ಕಳಿಸಿ ಅಂತಾರೆ. ಎರಡು ತಿಂಗಳು ಹಾಕಿ ನೋಡಿ ಫಾರಂ ತುಂಬಬೇಕು. ಆರು ಕಾಲಂ ಇದೆ: ಕಿವಿಗೆ ಕೂರುತ್ತಾ, ಬೀಳುತ್ತಾ, ಬೆವರು ನೀರು ತಡೆಯುತ್ತಾ, ಬಾಗುವ ಜಾಗ ಗಟ್ಟಿಯಾ, ಚಾರ್ಜು ಎಷ್ಟು ಹೊತ್ತು, ಧ್ವನಿ ಹೇಗೆ. ಫಾರಂ ಜೊತೆ ನಾಲ್ಕು ಸಾಲು ಕಾಗದವನ್ನೂ ಬರಿ. ನಿಜ ಹೇಳಬೇಕೆಂದರೆ ನನಗೆ ಬೇಕಿರೋದು ಆ ನಾಲ್ಕು ಸಾಲೇ.

ಫೋನ್ ಮಾಡಿದರೆ ನೀನು ಎತ್ತಲ್ಲ. ಎತ್ತಿದರೂ ಹ್ಞೂಂ, ಹ್ಞೂಂ, ಸರಿ, ಇಡ್ತೀನಿ. ಹೇಗಿದ್ದೀಯ ಅಂದರೂ ಹ್ಞೂಂ. ಹೋದ ಸಲ "ಏನಡುಗೆ" ಅಂದೆ, ಅದಕ್ಕೂ ಹ್ಞೂಂ. ನನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲವಾ ಅಕ್ಕ?

ನಿನ್ನ
ತಂಗಿ


ಜನವರಿ 19

ಪೀಪಿಗೆ, ದೇವರು ನಿನ್ನ ಬೆನ್ನ ಹಿಂದೆ ಇರಲಿ.

ಡಬ್ಬಿ ಬಂತು. ನಿನಗೀಗ ನಲವತ್ತೊಂದು, ಇನ್ನೂ ಪೀಪಿ ಅಂತೀನಿ ಅಂತ ಮುಖ ಊದಿಸಬೇಡ. ಚಿಕ್ಕವಳಿದ್ದಾಗ ಮೂರು ಮನೆ ಆಚೆಗೆ ಕೇಳುವ ಹಾಗೆ ಅಳುತ್ತಿದ್ದವಳು ನೀನೇ ತಾನೇ?

ನನಗೆ ಕೋಪ ಯಾತಕ್ಕೆ ಇರುತ್ತೆ? ಫೋನಿನಲ್ಲಿ ನನಗೆ ಮಾತು ಬರೋದಿಲ್ಲ, ಅಷ್ಟೇ. ಫೋನಿನ ಮಾತು ಗಾಳಿಗೆ ಹೋಗುತ್ತೆ. ಕಾಗದ ದಿಂಬಿನ ಕೆಳಗಿರುತ್ತೆ, ಬೇಕಾದಾಗ ತೆಗೆದು ಓದಬಹುದು. ನೀನು ಕಾಗದವನ್ನೇ ಬರಿ.

ಮೇಲಿನ ಮನೆಯ ಟೈಲರಮ್ಮ ಬಂದು ಡಬ್ಬಿಯನ್ನು ನನ್ನ ಫೋನಿಗೆ ಜೋಡಿಸಿ ಕೊಟ್ಟಳು. ಕೊಟ್ಟವಳು ಮೊದಲು ತಾನೇ ಹಾಕಿಕೊಂಡು ನಡುಮನೆಯಲ್ಲಿ ಎರಡು ಸುತ್ತು ಕುಣಿದಳು. ಪಕ್ಕದಲ್ಲೇ ನಿಂತು ಹಾಡಿದ ಹಾಗಿದೆ ಅಂದಳು. "ಅಮ್ಮಾ ತಾಯಿ, ನನ್ನ ತಂಗಿ ಕಳಿಸಿದ್ದು ನನಗೆ, ಬಿಚ್ಚು" ಅಂದೆ.

ನಾನು ಇವಕ್ಕೆ ಹೆಸರಿಟ್ಟಿದ್ದೀನಿ. ಬಳಸಿ ಹೋಗುವಂಥದ್ದು ಕೊಕ್ಕೆ. ಕಚ್ಚುವಂಥದ್ದು ಏಡಿ. ವಾರಕ್ಕೊಂದು ಅಂತ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೀನಿ.

ಕೊಕ್ಕೆ ಒಳ್ಳೆ ಹುಡುಗಿ. ಒಂದು ಸಲ ಕೂತರೆ ಅಲುಗಾಡೋದಿಲ್ಲ. ಬಗ್ಗಿ ಡ್ರಮ್ಮಿನಿಂದ ಒದ್ದೆ ಚಾದರ ಎಳೆಯುವಾಗಲೂ ಬೀಳಲಿಲ್ಲ. ಆದರೆ ನನ್ನ ಕನ್ನಡಕದ ಕಡ್ಡಿಗೂ ಅದಕ್ಕೂ ಕಿವಿಯ ಮೇಲೆ ಜಾಗಕ್ಕೆ ಜಗಳ. ಸಂಜೆ ಹೊತ್ತಿಗೆ ಕಿವಿಯ ಹಿಂದೆ ಕೆಂಪಗೆ ಬರೆ ಎದ್ದಿರುತ್ತೆ. ಮೇಲಿಂದ ತಲೆಬಟ್ಟೆ ಬೇರೆ.

ಏಡಿಗೆ ಕನ್ನಡಕದ ಗೊಡವೆ ಇಲ್ಲ. ಹಾಕಿದ್ದೇ ಗೊತ್ತಾಗೋದಿಲ್ಲ. ಅದೇ ತೊಂದರೆ: ತಲೆಬಟ್ಟೆ ತೆಗೆದಾಗ ಅದೂ ಜೊತೆಗೇ ಹಾರಿ ಹೋಗುತ್ತೆ. ನನ್ನ ಜೊತೆ ಚಾದರದ ಇನ್ನೊಂದು ತುದಿ ಹಿಡಿಯೋ ಗುಂಗುರುಗೂದಲಿನವಳು ಇದ್ದಾಳೆ, ಗುಂಗುರಿ ಅಂತೀವಿ. ಅವಳು ಎರಡು ಸಲ ಮೇಜಿನ ಕೆಳಗೆ ತೆವಳಿ ಹುಡುಕಿಕೊಟ್ಟಳು. "ನಿನ್ನ ಕಿವಿ ಕೆಳಗೆ ಬಿದ್ದಿದೆ ನೋಡಕ್ಕ" ಅಂತ ಎಲ್ಲರೆದುರು ನಗಾಡಿದಳು.

ಆಸ್ಪತ್ರೆ ಲಾಂಡ್ರಿ ನೀನು ನೋಡಿದಾಗ ಹೇಗಿತ್ತೋ ಹಾಗೇ ಇದೆ. ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ ನಾನು ನಿಲ್ಲೋದು. ನೆಲದ ಸಿಮೆಂಟು ಅಲ್ಲಿ ಸವೆದು ಸ್ವಲ್ಪ ತಗ್ಗಾಗಿದೆ. ನನ್ನ ಕಾಲು ಅದರಲ್ಲಿ ಸರಿಯಾಗಿ ಕೂರುತ್ತೆ.

ಮೈ ಕಡೆ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಫೆಬ್ರವರಿ 1

ಅಕ್ಕಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಕೋಣೆಯವರಿಗೆಲ್ಲ ಓದಿ ಹೇಳಿದೆ. ಈಗ ಎಂಜಿನಿಯರ್ ಕೂಡ ಕೊಕ್ಕೆ, ಏಡಿ ಅಂತಲೇ ಅನ್ನುತ್ತಾರೆ. ಕನ್ನಡಕದ ಕಡ್ಡಿಯ ಜಗಳ ನಮಗೆ ಹೊಳೆದೇ ಇರಲಿಲ್ಲ. ಅರವತ್ತು ಜೊತೆ ರಬ್ಬರ್ ಕಿವಿಯಲ್ಲಿ ಒಂದಕ್ಕೂ ಕನ್ನಡಕ ಇಲ್ಲ! ಈಗ ಹತ್ತಕ್ಕೆ ಹಾಕಿಸಿದ್ದೀವಿ. ನಮ್ಮ ಹೆಡ್‌ಮಾಸ್ಟರರು ಸಾಲಾಗಿ ಕೂತ ಹಾಗಿದೆ.

ಇಲ್ಲಿ ಒಂದು ಯಂತ್ರ ಏಡಿಯ ಬಾಯನ್ನು ಇಡೀ ದಿನ ತೆಗೆದು ಮುಚ್ಚುತ್ತೆ, ಹತ್ತು ಸಾವಿರ ಸಲ. ಇನ್ನೊಂದು ಎದೆಮಟ್ಟದಿಂದ ಕಬ್ಬಿಣದ ಹಲಗೆಯ ಮೇಲೆ ಬೀಳಿಸುತ್ತೆ. ನಾನು ಪಕ್ಕದಲ್ಲಿ ಕೂತು ಬಿರುಕು ಬಿಟ್ಟಿತಾ ಅಂತ ನೋಡಬೇಕು. ದಿನವಿಡೀ ಬೀಳೋದನ್ನು ನೋಡೋ ಕೆಲಸ.

ಒಂದು ವಿಷಯ. ಇಲ್ಲಿ ಮತ್ತೆ ಮೂರು ವರ್ಷಕ್ಕೆ ಸಹಿ ಹಾಕು ಅಂತಿದ್ದಾರೆ. ಏಪ್ರಿಲ್ 30ರ ತನಕ ಗಡುವು. ಹಾಕಿದರೆ ಮೂರು ವರ್ಷ ಈ ಕಡೆಯಿಂದ ಅಲ್ಲಾಡೋ ಹಾಗಿಲ್ಲ. ನೀನೇನಂತೀಯ?

ಸುತ್ತಿ ಬಳಸಿ ಹೇಳೋದು ಬೇಡ. ನಾನು ಹೊರಟ ದಿನ ನೀನು ಲಾಂಡ್ರಿಯಲ್ಲಿದ್ದೆ. ಅಮ್ಮ ಕಿಟಕಿ ಕಡೆ ಮುಖ ಮಾಡಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ವಾರದಿಂದ ನಮ್ಮಿಬ್ಬರಿಗೂ ಜಗಳ ನಡೆದಿತ್ತು. ಲಾಂಡ್ರಿಗೆ ಸೇರು ಅಂತ ಅವಳು, ಸೇರಲ್ಲ ಅಂತ ನಾನು. ಬಾಗಿಲಲ್ಲಿ ನಿಂತು "ಹೋಗಿ ಬರ್ತೀನಮ್ಮ" ಅಂದೆ. ಮೂರು ಸಲ ಅಂದೆ, ಅಕ್ಕ. ಅವಳು ತಿರುಗಲಿಲ್ಲ. ಸೂಜಿ ಮೇಲೆ ಕೆಳಗೆ ಹೋಗ್ತಾನೇ ಇತ್ತು. ಅವಳು ತೀರಿಕೊಂಡಾಗ ನಾನು ಬರದೇ ಇದ್ದದ್ದಕ್ಕೆ ರಜೆ ಸಿಗಲಿಲ್ಲ ಅಂತ ಹೇಳಿದ್ದೆ. ರಜೆ ಸಿಕ್ಕಿತ್ತು. ಬದುಕಿದ್ದಾಗಲೇ ನನ್ನ ಮುಖ ನೋಡದವಳ ಮುಖವನ್ನು ನಾನು ಹೇಗೆ ನೋಡಲಿ ಅಂತ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದೆ.

ಇರಲಿ. ನಮ್ಮ ಸಂಜೆ ಪ್ರಾರ್ಥನೆ ಹಾಡಿ ನಿನ್ನ ಫೋನಿಗೆ ಕಳಿಸಿದ್ದೀನಿ. ಕೊಕ್ಕೆಯಲ್ಲೋ ಏಡಿಯಲ್ಲೋ ಹಾಕಿಕೊಂಡು ಕೇಳು. ಪೂರ್ತಿ ಕೇಳು. ಹಾಡು ಮುಗಿಯಿತು ಅಂತ ತೆಗೆದುಬಿಡಬೇಡ.

ಪೀಪಿ


ಫೆಬ್ರವರಿ 15

ಪೀಪಿಗೆ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಈ ವಾರ ಎರಡು ಅನಾಹುತ ಆಯಿತು. ಮೊದಲು ನಗುವಂಥದ್ದು ಹೇಳ್ತೀನಿ.

ಏಡಿಯ ಒಂದನ್ನು ಏಪ್ರನ್ ಜೇಬಿನಲ್ಲಿ ಹಾಕಿ ಮರೆತೆ. ಏಪ್ರನ್ ಡ್ರಮ್ಮಿಗೆ ಹೋಯಿತು. ಕುದಿಯೋ ನೀರು, ಸೋಪು, ಮೇಲಿಂದ ಹಿಂಡೋ ಸುತ್ತು, ಮುಕ್ಕಾಲು ಗಂಟೆ. ಬಾಗಿಲು ತೆಗೆದಾಗ ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ನಡುವೆ ಪಳಪಳ ಅಂತ ಕೂತಿತ್ತು. ಇಷ್ಟು ಚೊಕ್ಕಟವಾದ ಏಡಿಯನ್ನು ಯಾವ ಸಮುದ್ರವೂ ಕಂಡಿರಲಿಕ್ಕಿಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟೆ. ದೀಪ ಹತ್ತಿತು! ದೇವರ ದಯೆ. ನಿಮ್ಮ ಕೋಣೆಯಲ್ಲಿ ಬರೆದಿಟ್ಟುಕೊಳ್ಳಿ. ಆದರೆ ಅದರ ಬಾಯಿ ಮೂರೇ ವಾರಕ್ಕೆ ಸಡಿಲವಾಗಿದೆ. ಮೊದಲು ಕಚ್ಚುತ್ತಿತ್ತು, ಈಗ ಸುಮ್ಮನೆ ಮುಟ್ಟಿಕೊಂಡು ಕೂತಿರುತ್ತೆ. ಹತ್ತು ಸಾವಿರ ಸಲ ಅಂದೆಯಲ್ಲ, ನಿಮ್ಮ ಯಂತ್ರ ಹಬೆಯಲ್ಲಿ ನಿಂತು ಮಾಡೋದಿಲ್ಲ. ಕೊಕ್ಕೆಗೂ ಹಬೆ ಆಗಿಬರಲಿಲ್ಲ, ಮೇಲಿನ ರಬ್ಬರಿನ ಚರ್ಮ ಅಂಚಿನಲ್ಲಿ ಎದ್ದಿದೆ. ಬಾಗುವ ಜಾಗ ಮಾತ್ರ ಗಟ್ಟಿ.

ಇನ್ನೊಂದು ಅನಾಹುತ: ಎಡಗಡೆಯ ಕೊಕ್ಕೆ ಬಟ್ಟೆ ಗಾಡಿಯ ಚಕ್ರಕ್ಕೆ ಸಿಕ್ಕಿ ಸೀಳಿತು. ಅದರ ತಪ್ಪಲ್ಲ. ತುಂಬಿದ ಗಾಡಿ ಆನೆ ತೂಕ. ಫಾರಮಿನಲ್ಲಿ ಹಾಗೇ ಬರಿ.

ನೀನು ಕಳಿಸಿದ್ದು ಪೂರ್ತಿ ಕೇಳಿದೆ. ಹಾಡನ್ನು ಮೊದಲಿಂದ ಕೊನೆಯ ತನಕ ಒಂದು ಸಾಲೂ ಬಿಡದೆ ಚೆನ್ನಾಗಿ ಹಾಡಿದ್ದೀಯ. ದೇವರಿಗೆ ಮುಟ್ಟಿರುತ್ತೆ.

ಮೂರು ವರ್ಷದ ಸಹಿ ವಿಷಯ ಬರೆದಿದ್ದೆ. ಒಳ್ಳೆ ಕೆಲಸ, ನೆರಳಿನಲ್ಲಿ ಕೂತು ಮಾಡೋದು. ನಿನಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡು. ನಾನು ನಡುವೆ ಬರೋದಿಲ್ಲ.

ಅಮ್ಮನ ವಿಷಯ ಬರೆದಿದ್ದು ಓದಿದೆ. ಅದಕ್ಕೆ ಇನ್ನೊಂದು ದಿನ ಬರೀತೀನಿ.

ಅಕ್ಕ


ಫೆಬ್ರವರಿ 26

ಅಕ್ಕನಿಗೆ,

ಉತ್ತರ ಸಿಕ್ಕಿತು. ಇಷ್ಟು ಸುಲಭವಾಗಿ ಬರೆದುಬಿಡ್ತೀಯ ಅಂದುಕೊಂಡಿರಲಿಲ್ಲ. ಆರು ವರ್ಷದಲ್ಲಿ ಒಂದೇ ಒಂದು ಸಲ ಕೇಳಿದೆ, ಬಾಯಿಬಿಟ್ಟು ಕೇಳಿದೆ. ನೀನು ಅದನ್ನು ಕೇಳೋ ಶ್ರಮವನ್ನೂ ತಗೊಂಡ ಹಾಗೆ ಕಾಣಲ್ಲ.

ನೀನೂ ಅಮ್ಮನ ಮಗಳೇ.

ಸಹಿ ಹಾಕ್ತೀನಿ. ಫಾರಂ ತುಂಬಿ ಕಳಿಸು, ಕಾರ್ಖಾನೆಯವರು ಕೇಳ್ತಿದ್ದಾರೆ.

ತಂಗಿ


ಮಾರ್ಚ್ 9

ಪೀಪಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ದಿಂಬಿನ ಕೆಳಗಿಡಲು ಮನಸ್ಸಾಗದೆ ದೇವರ ಮುಂದಿಟ್ಟೆ. ನಾನು ಯಾವ ಮಾತು ತಪ್ಪಾಡಿದೆ ಅಂತ ಅವನನ್ನೇ ಕೇಳಿದೆ.

ಬೇಡ ಅಂತ ನಾನು ಯಾವುದಕ್ಕೆ ಅಂದೆ? ನೀನು ಕೇಳಿದ್ದಕ್ಕೆ ನಾನು ಇಲ್ಲ ಅಂದಿದ್ದು ಹುಟ್ಟಿದಾಗಿನಿಂದ ಎರಡೇ ಸಲ, ಎರಡೂ ಸಲ ನಿನಗೆ ಜ್ವರ ಇತ್ತು.

ಸಂಜೆ ಈಗಲೂ ಪ್ರಾರ್ಥನೆಗೆ ಕೂರ್ತೀನಿ. ನಾವು ಒಂದು ಸಾಲು ನಾನು, ಒಂದು ಸಾಲು ನೀನು ಅಂತ ಹಾಡ್ತಿದ್ದೆವಲ್ಲ. ನಾನು ಈಗಲೂ ನನ್ನ ಸಾಲನ್ನು ಮಾತ್ರ ಹಾಡಿ, ನಿನ್ನ ಸಾಲಿನಷ್ಟು ಹೊತ್ತು ಸುಮ್ಮನಿರ್ತೀನಿ. ಟೈಲರಮ್ಮ ಒಂದು ದಿನ ನೋಡಿ, ನಡುನಡುವೆ ನಿದ್ದೆ ಹೋಗ್ತೀಯಾ ಅಂತ ಕೇಳಿದಳು. ಆ ಜಾಗ ನನ್ನ ತಂಗಿಯದು, ಅದನ್ನು ತುಂಬೋಕೆ ನನಗೆ ಹಕ್ಕಿಲ್ಲ ಅಂದೆ.

ಫಾರಂ ಜೊತೆಗಿಟ್ಟಿದ್ದೀನಿ. ನನ್ನ ಕೈಬರಹ ಓದೋಕೆ ಬರದಿದ್ದರೆ ಬೈಕೋಬೇಡ.

ಅಕ್ಕ


ಮಾರ್ಚ್ 24

ಅಕ್ಕಾ,

ಫಾರಂ ಮೇಜಿನ ಮೇಲಿದೆ. ನಲವತ್ತು ಮನೆಯ ಫಾರಂ ಬಂದಿವೆ, ಇಷ್ಟು ಚೆನ್ನಾಗಿ ಯಾರೂ ತುಂಬಿಲ್ಲ. ಹಬೆಯಲ್ಲಿ ಏಡಿಯ ಬಾಯಿ ಎಷ್ಟನೇ ದಿನ ಸಡಿಲವಾಯಿತು, ಕೊಕ್ಕೆಯ ಚರ್ಮ ಯಾವ ಕಡೆಯಿಂದ ಎದ್ದಿತು, ಚಾರ್ಜು ಯಾವ ಪಾಳಿಯ ತನಕ ಬಂತು, ಎಲ್ಲ ಇದೆ. ಐದು ಕಾಲಂ ತುಂಬಿ ಅಂಚಿನಲ್ಲೂ ಬರೆದಿದ್ದೀಯ.

ಆರನೇದು ಖಾಲಿ.

ಎಂಜಿನಿಯರ್ ನೋಡಿ, "ನಿಮ್ಮ ಅಕ್ಕ ಧ್ವನಿ ಬಗ್ಗೆ ಬರೆಯೋಕೆ ಮರೆತಿದ್ದಾರೆ" ಅಂದರು. ನೀನು ಮರೆಯೋಳಲ್ಲ. ಊಟದ ಡಬ್ಬಿಯ ಮುಚ್ಚಳಕ್ಕೂ ಗುರುತು ಹಾಕಿಡೋಳು. ಡ್ರಾಯರಿನಿಂದ ನಿನ್ನ ಕಾಗದಗಳನ್ನು ತೆಗೆದು ಮತ್ತೆ ಓದಿದೆ, ಈ ಸಲ ತಂಗಿಯಾಗಿ ಅಲ್ಲ, ಪರೀಕ್ಷೆ ಮಾಡೋಳಾಗಿ. ಪಕ್ಕದಲ್ಲೇ ನಿಂತು ಹಾಡಿದ ಹಾಗಿದೆ ಅಂದಿದ್ದು ಟೈಲರಮ್ಮ. ಏಡಿ ಡ್ರಮ್ಮಿನಿಂದ ಬದುಕಿ ಬಂದಾಗ ದೀಪ ಹತ್ತಿತು ಅಂತ ಬರೆದೆ, ಹಾಡಿತು ಅಂತ ಬರೆಯಲಿಲ್ಲ. ಕಿವಿಗೆ ಹಾಕೋ ವಸ್ತುವಿನ ಬಗ್ಗೆ ಎರಡು ತಿಂಗಳು ಬರೆದಿದ್ದೀಯ. ಅದರಲ್ಲಿ ನೀನು ಕೇಳಿದ್ದು ಅಂತ ಒಂದು ಸದ್ದೂ ಇಲ್ಲ.

ಇನ್ನೊಂದು. ಒಂದು ಸಾಲೂ ಬಿಡದೆ ಹಾಡಿದ್ದೀಯ ಅಂದೆಯಲ್ಲ. ನಾನು ಇಡೀ ಹಾಡನ್ನು ಹಾಡೇ ಇಲ್ಲ ಅಕ್ಕ. ನನ್ನ ಸಾಲನ್ನು ಮಾತ್ರ ಹಾಡಿ, ನಿನ್ನ ಸಾಲಿಗೆ ಜಾಗ ಬಿಟ್ಟಿದ್ದೆ. ನೀನು ಅಲ್ಲಿ, ನಾನು ಇಲ್ಲಿ, ಕೂಡಿ ಹಾಡಿದ ಹಾಗಾಗಲಿ ಅಂತ. ಆ ಮಾತು ಓದಿದಾಗ ನೀನು ಕೇಳದೆಯೇ ಕೇಳಿದೆ ಅಂತ ಸುಳ್ಳು ಬರೆದೆ ಅಂದುಕೊಂಡೆ. ಆ ಕೋಪದಲ್ಲಿ ನಾನೂ ಕೈಗೆ ಬಂದದ್ದು ಗೀಚಿ ಕಳಿಸಿದೆ. ಈಗ ಹಾಗನ್ನಿಸುತ್ತಿಲ್ಲ.

ಹಾಡು ಮುಗಿದ ಮೇಲೆ ನಿನ್ನನ್ನು ಒಂದು ಮಾತು ಕೇಳಿದ್ದೆ. ಅದೇನು ಅಂತ ನಿನಗೆ ಗೊತ್ತಾ?

ಕೋಪ ಇಲ್ಲ. ಬೇಗ ಬರಿ.

ಪೀಪಿ


ಏಪ್ರಿಲ್ 4

ಪೀಪಿ,

ಗೊತ್ತಿಲ್ಲ.

ನನಗೆ ಕಿವಿ ಕೇಳೋದಿಲ್ಲ. ಬರೆದುಬಿಟ್ಟೆ ನೋಡು, ಬಾಯಲ್ಲಿ ಇನ್ನೂ ಯಾರ ಹತ್ತಿರವೂ ಹೇಳಿಲ್ಲ.

ಆರೇಳು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಎರಡೂ ಕಿವಿಗೆ ಹತ್ತಿ ತುಂಬಿದ ಹಾಗೆ. ಲಾಂಡ್ರಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡೋದು, ತುಟಿ ನೋಡಿಕೊಂಡರೆ ಹೇಗೋ ನಡೆಯುತ್ತೆ. ಫೋನಿಗೆ ತುಟಿ ಇಲ್ಲವಲ್ಲ. ಅದಕ್ಕೇ ಹ್ಞೂಂ ಅನ್ನುತ್ತಿದ್ದೆ. ಏನಡುಗೆ ಅಂತ ಕೇಳಿದ್ದೆ ಅನ್ನೋದು ನೀನು ಕಾಗದದಲ್ಲಿ ಬರೆದ ಮೇಲೆಯೇ ತಿಳಿದದ್ದು.

ಗಂಟೆ ಕೇಳದವಳನ್ನು ಡ್ರಮ್ಮಿನ ಹತ್ತಿರ ನಿಲ್ಲಿಸೋದಿಲ್ಲ. ಮೇಸ್ತ್ರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆ. ಹಾಗಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೀನಿ. ಡ್ರಮ್ಮಿಗೆ ಬೆನ್ನೋ ಮೊಣಕೈಯೋ ತಾಗಿಸಿಕೊಂಡು ನಿಲ್ಲೋದು. ನಡುಕ ನಿಂತರೆ ಗಂಟೆ ಆಗಿದೆ ಅಂತ. ಯಾರೂ ಇಲ್ಲದಾಗ ಅದಕ್ಕೆ ಹಣೆ ಒತ್ತಿಕೊಂಡು ನಿಲ್ತೀನಿ. ಆಗ ತಿರುಗೋ ಸದ್ದು ಹಲ್ಲಿನಲ್ಲಿ, ತಲೆಬುರುಡೆಯಲ್ಲಿ ಗುಂಯ್ ಅಂತ ಚೆನ್ನಾಗಿ ಕೇಳುತ್ತೆ. ಹುಚ್ಚಿ ಅಂದುಕೋಬೇಡ, ಆ ಸದ್ದಿಗಾಗಿ ಕೆಲವು ದಿನ ಬೇಗ ಹೋಗ್ತೀನಿ. ನನ್ನ ಹಾಡೂ ಹಾಗೆಯೇ, ನನಗೆ ಒಳಗಿನಿಂದ ಕೇಳುತ್ತೆ. ಹೊರಗಿನಿಂದ ಬರೋದೇ ಇಲ್ಲ.

ಕೊಕ್ಕೆ ಗಾಡಿಗೆ ಸಿಕ್ಕಿತು ಅಂತ ಬರೆದೆ. ಮೊದಲು ಸಿಕ್ಕಿದವಳು ನಾನು. ಹಿಂದಿನಿಂದ ಬಂದ ಗಾಡಿ ಕೇಳಲಿಲ್ಲ. ಗುಂಗುರಿ ಕೂಗಿದಳಂತೆ. ಸೊಂಟಕ್ಕೆ ಬಡಿದು ಬಿದ್ದೆ, ಕಿವಿಯಿಂದ ಅದೂ ಬಿತ್ತು. ಈಗ ನೋವಿಲ್ಲ. ಅವಳು ಅವತ್ತಿನಿಂದ ನನ್ನ ಮುಖವನ್ನು ಒಂದು ಥರ ನೋಡ್ತಾಳೆ, ಕೇಳೋದಿಲ್ಲ.

ಈಗ ಕಷ್ಟದ ಮಾತು.

ಅಮ್ಮನಿಗೂ ಕೇಳುತ್ತಿರಲಿಲ್ಲ.

ಅವಳಿಗೆ ಗಂಟಲು ದೊಡ್ಡದು ಅಂತ ನಾವು ಆಡಿಕೊಳ್ತಿದ್ದೆವಲ್ಲ, ತನ್ನ ಮಾತು ತನಗೆ ಕೇಳಲಿ ಅಂತಲೂ ಅಲ್ಲ, ಎದುರಿನವರು ತಿರುಗಿ ಮಾತಾಡದಿರಲಿ ಅಂತ ಕೂಗುತ್ತಿದ್ದಳು. ಕಿವುಡಿ ಅನ್ನಿಸಿಕೊಳ್ಳೋದಕ್ಕಿಂತ ಬಜಾರಿ ಅನ್ನಿಸಿಕೊಳ್ಳೋದು ಅವಳಿಗೆ ವಾಸಿ ಅನ್ನಿಸಿತ್ತು. ಪಕ್ಕದಲ್ಲಿ ನಿಂತು ಕೆಲಸ ಮಾಡ್ತಿದ್ದುದರಿಂದ ನನಗೆ ತಿಳಿಯಿತು. ದೇವರ ಮುಂದೆ ನನ್ನ ಕೈಹಿಡಿದು ಆಣೆ ಮಾಡಿಸಿಕೊಂಡಳು, ಯಾರಿಗೂ ಹೇಳಬಾರದು, ಚಿಕ್ಕವಳಿಗಂತೂ ಹೇಳಲೇಬಾರದು, ಅವಳು ನನಗಾಗಿ ಇಲ್ಲೇ ಉಳಿದುಬಿಡ್ತಾಳೆ ಅಂತ. ಲಾಂಡ್ರಿಗೆ ಸೇರು ಅಂತ ಜಗಳ ಆಡಿದವಳೂ ಅವಳೇ, ನಿನ್ನನ್ನು ಕಟ್ಟಿಹಾಕಬಾರದು ಅಂದವಳೂ ಅವಳೇ. ಹೆತ್ತವರ ಮನಸ್ಸು ಒಂದೇ ಕಡೆ ನಿಲ್ಲುತ್ತಾ?

ನೀನು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದ್ದೆ ಅಂತ ನನಗೆ ಗೊತ್ತಾಗಿದ್ದು ಫೆಬ್ರವರಿಯ ನಿನ್ನ ಕಾಗದದಲ್ಲಿ. ಅವತ್ತು ನಾನು ಮನೆಗೆ ಬಂದಾಗ ಅಮ್ಮ ನೀನು ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ ಕೂತಿದ್ದಳು. "ಒಂದು ಮಾತೂ ಹೇಳದೆ ಹೋದಳಲ್ಲೇ" ಅಂದಳು. ಕೊನೆಯ ತನಕ ಅದನ್ನೇ ಅಂದಳು. ಅವಳು ಹೋಗಿ ನಾಲ್ಕು ವರ್ಷವಾದ ಮೇಲೆ ಬಂದ ಮಾತನ್ನು ನಾನು ಯಾರಿಗೆ ಹೋಗಿ ಹೇಳಲಿ? ಆಣೆಯೂ ಇತ್ತು. ಅದಕ್ಕೇ ಇನ್ನೊಂದು ದಿನ ಬರೀತೀನಿ ಅಂದೆ.

ಇವತ್ತು ಆಣೆ ಮುರಿದೆ. ಲೆಕ್ಕ ದೇವರು ನನ್ನ ಹತ್ತಿರ ಕೇಳಲಿ, ಹೇಳ್ತೀನಿ. ಅಮ್ಮ ಬೇಕಂತಲೇ ನಿನ್ನ ಕಡೆ ತಿರುಗದೆ ಕೂತಿದ್ದಲ್ಲ. ಅವಳಿಗೆ ಕೇಳಲಿಲ್ಲ, ಅಷ್ಟೇ.

ನೀನು ಹಾಡಿದ್ದನ್ನು ನಾನು ಏಳು ಸಂಜೆ ಕಿವಿಗಿಟ್ಟುಕೊಂಡು ಕೂತಿದ್ದೆ. ಫೋನಿನ ಪರದೆಯ ಮೇಲೆ ಒಂದು ಗೆರೆ ಮೇಲೆ ಕೆಳಗೆ ಆಗುತ್ತೆ. ಅದು ನಿನ್ನ ದನಿ ಅಂತ ಅದನ್ನೇ ನೋಡ್ತಿದ್ದೆ.

ಏನು ಕೇಳಿದ್ದೆ ಅಂತ ಬರಿ.

ಅಕ್ಕ


ಏಪ್ರಿಲ್ 13

ಅಕ್ಕಾ,

ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಆ ಕಿಟಕಿ, ಆ ಬೆನ್ನು, ಆ ಸೂಜಿ. ಆರು ವರ್ಷದಿಂದ ಅದೇ ಬೆನ್ನಿನ ಜೊತೆ ಜಗಳ ಆಡಿದ್ದೀನಿ. ಒಳಗೆ ನಾಲ್ಕು ಹೆಜ್ಜೆ ಇಟ್ಟು ಭುಜ ಮುಟ್ಟಿದ್ದರೆ ಮುಗಿದುಹೋಗ್ತಿತ್ತು. ನಾಲ್ಕೇ ಹೆಜ್ಜೆ. ನನ್ನ ಜಂಭ ಬಾಗಿಲಲ್ಲೇ ನಿಂತುಬಿಟ್ಟಿತು.

ಒಂದು ಮಾತೂ ಹೇಳದೆ ಹೋದಳು ಅಂದಳಾ? ಅಯ್ಯೋ ಅಮ್ಮ.

ನಾಲ್ಕನೇ ದಿನ ಕೋಣೆಗೆ ಹೋಗಿ ಎಂಜಿನಿಯರಿಗೆ ನೀನು ಡ್ರಮ್ಮಿಗೆ ಹಣೆ ಒತ್ತಿಕೊಂಡು ನಿಲ್ಲೋ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಟೀ ಕೆಳಗಿಟ್ಟರು. ಕೆಲವರಿಗೆ ಕಿವಿಯ ಒಳಗಿನ ಮೂಲ ಚೆನ್ನಾಗಿಯೇ ಇರುತ್ತಂತೆ, ಅಲ್ಲಿಗೆ ಸದ್ದು ಹೋಗೋ ದಾರಿ ಮಾತ್ರ ಗಟ್ಟಿಯಾಗಿ ಮುಚ್ಚಿರುತ್ತಂತೆ. ತಾಯಿಯಿಂದ ಮಕ್ಕಳಿಗೆ ಬರೋದೂ ಉಂಟಂತೆ. ಹಾಗಿದ್ದರೆ ಮೂಳೆಯ ಮೂಲಕ ಕೇಳಬಹುದು. ಇರಬಹುದು ಅಂದರು ಅಷ್ಟೇ, ಡಾಕ್ಟರೇ ನೋಡಿ ಹೇಳಬೇಕು ಅಂದರು. ನಿಮ್ಮ ಲಾಂಡ್ರಿಯಿಂದ ಎರಡು ಮಹಡಿ ಮೇಲೆ ಕಿವಿ ಡಾಕ್ಟರ್ ಇದ್ದಾರಲ್ಲ ಅಕ್ಕ, ಹೋಗು. ಇಲ್ಲದಿದ್ದರೆ ನಾನೇ ಅವರಿಗೆ ಕಾಗದ ಬರೀತೀನಿ.

ಈ ಡಬ್ಬಿಯಲ್ಲಿ ಮೂರನೇ ಥರದ್ದಿದೆ. ತಲೆಯ ಹಿಂದಿನಿಂದ ಬಂದು, ಕಿವಿಯ ಮುಂದಿನ ಮೂಳೆಯನ್ನು ಒತ್ತಿ ಕೂರುತ್ತೆ. ಕಿವಿಯನ್ನು ಮುಟ್ಟೋದೇ ಇಲ್ಲ. ಕನ್ನಡಕದ ಕಡ್ಡಿ ಮೊದಲು, ಅದರ ಮೇಲೆ ಇದು. ತಲೆಬಟ್ಟೆ ಆಮೇಲೆ. ಕೂದಲು ಸಿಕ್ಕಿಕೊಳ್ಳದಂತೆ ಮೂಳೆಗೆ ಸರಿಯಾಗಿ ತಾಗಬೇಕು.

ಏನು ಕೇಳಿದ್ದೆ ಅಂತ ಬರೆಯೋದಿಲ್ಲ. ಹಟ ಅಂದುಕೋ. ಒಂದು ಸಲ ಬಾಗಿಲಲ್ಲಿ ನಿಂತು ಹೇಳಿದ್ದು ಒಳಗೆ ತಲುಪಲಿಲ್ಲ. ಈ ಸಲ ನನ್ನ ದನಿಯೇ ಹೋಗಿ ಮುಟ್ಟಲಿ. ಮುಟ್ಟಲಿಲ್ಲ ಅಂದರೂ ಮುಟ್ಟಲಿಲ್ಲ ಅಂತ ನಿಜ ಬರಿ, ಆಗ ಕಾಗದದಲ್ಲೇ ಹೇಳ್ತೀನಿ. ಸಹಿಯನ್ನು ಕೊನೆಯ ದಿನದ ತನಕ ಹಾಕೋದಿಲ್ಲ. ಬೇಗ ಮುಟ್ಟೋ ಅಂಚೆಯಲ್ಲಿ ಹಾಕು.

ಪೀಪಿ


ಏಪ್ರಿಲ್ 22

ನನ್ನ ಪೀಪಿಗೆ, ದೇವರು ದೊಡ್ಡವನು.

ಮೊದಲು ಕೆಲಸದ ಮಾತು. ಇದಕ್ಕೆ ಕಮಾನು ಅಂತ ಹೆಸರಿಟ್ಟೆ. ಕಿವಿಗೆ ಕೂರುತ್ತಾ: ಕಿವಿಗಲ್ಲ, ಕೆನ್ನೆಮೂಳೆಗೆ ಕೂರುತ್ತೆ, ಸ್ವಲ್ಪ ಬಿಗಿ. ಬೀಳುತ್ತಾ: ಇಲ್ಲ. ಬೆವರು: ಎರಡೇ ದಿನ ಆಯಿತು, ಹೇಳಲಾರೆ. ಬಾಗುವ ಜಾಗ: ತಂತಿ ಚೆನ್ನಾಗಿದೆ. ಮಲಗಿಕೊಂಡು ಹಾಕೋಕಾಗದು, ಹಿಂದಿನ ಕಮಾನು ದಿಂಬಿಗೆ ಒತ್ತುತ್ತೆ. ಚಾರ್ಜು: ಒಂದು ಪಾಳಿ ಪೂರ್ತಿ.

ಡಾಕ್ಟರ ಹತ್ತಿರ ಹೋದೆ. ಇಷ್ಟು ವರ್ಷ ಅವರ ಕೋಟನ್ನು ಇಸ್ತ್ರಿ ಮಾಡಿದ್ದೀನಿ, ಮುಖ ನೋಡಿದ್ದು ಈಗ. ಎರಡು ಕವಲಿನ ಕಬ್ಬಿಣದ ಕಡ್ಡಿಯನ್ನು ಬಡಿದು ನಡುಗಿಸಿ ಕಿವಿಯ ಪಕ್ಕ ಹಿಡಿದರು, ಏನೂ ಕೇಳಲಿಲ್ಲ. ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಕೇಳಿತು. ಆಪರೇಷನ್ ಮಾಡಬಹುದೋ ಏನೋ, ಇನ್ನೂ ಪರೀಕ್ಷೆ ಇದೆ ಅಂದರು. ನಿನಗೂ ತೋರಿಸಿಕೋ ಅಂದರು, ಮರೆಯಬೇಡ. ಕೆಳಗೆ ಬಂದು ಮೇಸ್ತ್ರಿಗೆ ಹೇಳಿದೆ. ಸದ್ಯಕ್ಕೆ ಡ್ರಮ್ಮಿನಿಂದ ತೆಗೆದು ಚಾದರ ಮಡಿಸೋ ಮೇಜಿಗೇ ಹಾಕಿದ್ದಾರೆ. ಮುಂದೆ ಏನೋ ಗೊತ್ತಿಲ್ಲ. ಗುಂಗುರಿ ಮಾತ್ರ "ನನಗೆ ಯಾವತ್ತೋ ಗೊತ್ತಿತ್ತು, ನಾನು ಹೇಳಿದ ಗಾಳಿಸುದ್ದಿ ಒಂದೂ ನಿನ್ನಿಂದ ಆಚೆ ಹೋಗ್ತಿರಲಿಲ್ಲವಲ್ಲ" ಅಂತ ಬಾಯಿ ಅಗಲಿಸಿ ಅಗಲಿಸಿ ಹೇಳಿದಳು. ನಕ್ಕು ನಕ್ಕು ಇಬ್ಬರೂ ಚಾದರ ಕೈಬಿಟ್ಟೆವು.

ಈಗ ಆರನೇ ಕಾಲಂ.

ನಿನ್ನೆ ಸಂಜೆ ದೀಪ ಹಚ್ಚಿ ಕೂತೆ. ಕಮಾನು ಹಾಕಿದೆ. ಮೊದಲು ಡ್ರಮ್ಮಿನ ಹಾಗೆ ಬರೀ ಗುಂಯ್ ಅಂತ ಮೂಳೆ ನಡುಗಿತು. ಇಷ್ಟೇ ಅಂತ ತೆಗೆಯೋಕೆ ಹೋದೆ. ಕೂದಲು ಅಡ್ಡ ಇದೆಯೇನೋ ಅಂತ ಹಿಂದಕ್ಕೆ ಸರಿಸಿ ಬೆರಳಿನಿಂದ ಒತ್ತಿ ಹಿಡಿದೆ. ಆ ಗುಂಯ್ ಒಳಗಿನಿಂದ ಒಂದು ರಾಗ ಎದ್ದು ಬಂತು. ತೆಳ್ಳಗೆ, ಬಾವಿಯೊಳಗಿನಿಂದ ಬಂದ ಹಾಗೆ. ಯಾರದ್ದೋ ಏನೋ ಅಂದುಕೊಳ್ಳುವಷ್ಟರಲ್ಲಿ ಎರಡನೇ ಪದದ ನಡುವೆ ನೀನು ಉಸಿರು ಎಳೆದುಕೊಂಡೆ ನೋಡು, ಎಳೆಯಬಾರದ ಜಾಗದಲ್ಲಿ. ಅದಕ್ಕೆ ಅಮ್ಮ ನಿನಗೆ ಎಷ್ಟು ಸಲ ತಲೆಗೆ ಮೊಟಕಿದ್ದಾಳೆ! ನಲವತ್ತೊಂದು ವರ್ಷವಾದರೂ ಅಲ್ಲೇ ಉಸಿರು ತಗೊಳ್ತೀಯ. ನನ್ನ ತಂಗಿ ಅಂತ ಗೊತ್ತಾಗಿದ್ದು ಅದರಿಂದ.

ನೀನು ಬಿಟ್ಟ ಜಾಗದಲ್ಲಿ ನಾನು ಹಾಡಿದೆ. ನನ್ನ ಜಾಗದಲ್ಲಿ ನೀನು ಸುಮ್ಮನಿದ್ದೆ. ನಾನು ಸುಮ್ಮನಿರುವ ಜಾಗದಲ್ಲಿ ನೀನು ಬಂದೆ. ಒಂದು ಸಾಲೂ ಖಾಲಿ ಹೋಗಲಿಲ್ಲ. ಇದನ್ನು ಫಾರಮಿನಲ್ಲಿ ಹೇಗೆ ಬರೀಬೇಕೋ ನನಗೆ ತಿಳೀದು, ನೀನೇ ಬರಕೋ.

ಹಾಡು ಮುಗಿದ ಮೇಲೆ ತೆಗೆಯಲಿಲ್ಲ. ನೀನು ಮಾತಾಡಿದೆ. ನಿಜ ಬರಿ ಅಂದಿದ್ದೀಯ, ನಿಜ ಹೇಳ್ತೀನಿ: ಮಾತು ನನಗೆ ತಿಳಿಯಲಿಲ್ಲ. ಹನ್ನೊಂದು ಸಲ ಹಾಕಿ ಕೇಳಿದೆ. ಒಂದು ಅಕ್ಷರವೂ ಬಿಡಿಸಿ ಕೇಳಲಿಲ್ಲ, ಎಲ್ಲ ಕಲಸಿದ ಹಾಗೆ. ಆದರೆ ಆ ಮಾತಿನ ಏರಿಳಿತ ಕೇಳಿತು. ಮೊದಲು ಮೆಲ್ಲಗೆ, ಆಮೇಲೆ ಕೊನೆಗೆ ಮೇಲಕ್ಕೆ ಎತ್ತಿ, ಅಲ್ಲೇ ನಿಲ್ಲಿಸಿದೆ.

ಆ ಏರಿಳಿತ ನನಗೆ ಗೊತ್ತಿಲ್ಲದೇನು? ಚಿಕ್ಕವಳಿದ್ದಾಗ ನೀನು ಅಮ್ಮನ ಹತ್ತಿರ ಬೈಸಿಕೊಂಡು ಹೊರಗೆ ಹೋಗಿ ಕೂರುತ್ತಿದ್ದೆ. ಅಳು ನಿಂತ ಮೇಲೆ ಬಾಗಿಲ ಸಂದಿಯಲ್ಲಿ ಮೂಗು ತೂರಿಸಿ, ಅಮ್ಮನನ್ನಲ್ಲ, ನನ್ನನ್ನು ಕೇಳುತ್ತಿದ್ದೆ. ಆವತ್ತೂ ದನಿ ಹೀಗೇ ಏರಿ ಕೊನೆಯಲ್ಲಿ ನಿಲ್ಲುತ್ತಿತ್ತು. ಆವತ್ತೂ ನಾನು ಮಾತಿಗಾಗಿ ಕಾಯುತ್ತಿರಲಿಲ್ಲ, ಎದ್ದು ಬಾಗಿಲು ತೆಗೆಯುತ್ತಿದ್ದೆ.

ಬಾ.

ಬಂದಾಗ ಬಾಗಿಲಲ್ಲಿ ನಿಂತು ಕೂಗಬೇಡ, ನನಗೆ ಕೇಳೋದಿಲ್ಲ. ಒಳಗೇ ಬಂದುಬಿಡು. ನಾಲ್ಕೇ ಹೆಜ್ಜೆ. ಭುಜ ಮುಟ್ಟು.

ಅಕ್ಕ